ಅಣು, ವೈರಾಣು, ಬ್ಯಾಕ್ಟೀರಿಯಾ: ಯಾವುದು ಎಷ್ಟು ದೊಡ್ಡದು? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ ಮಕ್ಕಳು, ಅವರ ಅಪ್ಪ ಅಮ್ಮಂದಿರು, ನೀರಿನ ಫಿಲ್ಟರ್ ಕೊಳ್ಳಲು ಹೊರಟವರು, ಮಾಸ್ಕ್ ಬಗ್ಗೆ ವಾದಕ್ಕೆ ಬಿದ್ದವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಎರಡೇ ಸಾಲಿನ ಉತ್ತರ ಸಾಕಾಯಿತು. ಕೆಲವಕ್ಕೆ ಮಾತು ಉದ್ದವಾಯಿತು.

ಒಂದೇ ಮಾತಿನಲ್ಲಿ ಹೇಳಿಬಿಡಿ, ಯಾವುದು ದೊಡ್ಡದು?

ಬ್ಯಾಕ್ಟೀರಿಯಾ ದೊಡ್ಡದು, ವೈರಸ್ ಅದಕ್ಕಿಂತ ಚಿಕ್ಕದು, ಅಣು ಇನ್ನೂ ಚಿಕ್ಕದು. ಪರೀಕ್ಷೆಗೆ ಇಷ್ಟು ಸಾಕು. ಪರೀಕ್ಷೆ ಮುಗಿದ ಮೇಲೂ ಕುತೂಹಲ ಉಳಿದವರು ಮುಂದೆ ಓದಿ, ಏಕೆಂದರೆ ಈ ಸಾಲಿನ ಒಂದೊಂದು ತುಂಡಿಗೂ ಅಪವಾದ ಇದೆ.

ವೈರಾಣು, ರೋಗಾಣು, ಜೀವಾಣು ಎಲ್ಲವೂ ‘ಅಣು’ಗಳೇ ಅಲ್ಲವೆ?

ಅಲ್ಲ. ಗೊಂದಲದ ಅರ್ಧ ಪಾಲು ನಮ್ಮ ಭಾಷೆಯದೇ. ‘ಅಣು ರೇಣು ತೃಣ ಕಾಷ್ಠ’ ಎನ್ನುತ್ತೇವೆ. ಚಿಕ್ಕದರಿಂದ ದೊಡ್ಡದಕ್ಕೆ ಹತ್ತುವ ಏಣಿ ಅದು, ಅದರ ಮೊದಲ ಮೆಟ್ಟಿಲು ಅಣು. ಹಾಗಾಗಿ ಕಣ್ಣಿಗೆ ಕಾಣದ್ದಕ್ಕೆಲ್ಲ ಅಣುವಿನ ಬಾಲ ಕಟ್ಟಿದೆವು: ಸೂಕ್ಷ್ಮಾಣು, ವೈರಾಣು, ಕೀಟಾಣು, ಕೋಲಿನಂತಿದ್ದ ಬ್ಯಾಕ್ಟೀರಿಯಾಕ್ಕೆ ದಂಡಾಣು. ಆಮೇಲೆ ರಸಾಯನಶಾಸ್ತ್ರ ಬಂದು ಅದೇ ‘ಅಣು’ವಿಗೆ ಖಚಿತವಾದ ಅರ್ಥ ಕೊಟ್ಟಿತು: ಪರಮಾಣುಗಳು ಕೂಡಿ ಕಟ್ಟಿಕೊಂಡ ಗುಂಪು. ನೀರಿನ ಅಣುವಿನಲ್ಲಿ ಮೂರು ಪರಮಾಣುಗಳಿವೆ. ಒಂದು ಬ್ಯಾಕ್ಟೀರಿಯಾದೊಳಗೆ ನೀರಿನ ಅಣುಗಳೇ 2,000 ಕೋಟಿಗೂ ಹೆಚ್ಚು. ಹೆಸರಿನ ಬಾಲ ಒಂದೇ ಆದರೂ ಅಂತರ ಇಷ್ಟು. (ಅಣುಬಾಂಬ್ ಎನ್ನುವಾಗ ನಾವು ಹೇಳುತ್ತಿರುವುದು ಪರಮಾಣುವನ್ನು. ಆ ಜಗಳ ಇಲ್ಲಿ ಬೇಡ.)

ಅದಕ್ಕೇ ನಾನು ಈ ಪುಟದಲ್ಲಿ ವೈರಸ್, ಬ್ಯಾಕ್ಟೀರಿಯಾ ಎಂದೇ ಬರೆಯುತ್ತೇನೆ. ಅಣು ಎಂದರೆ ರಸಾಯನಶಾಸ್ತ್ರದ ಅಣು ಮಾತ್ರ.

ಮೈಕ್ರಾನ್, ನ್ಯಾನೋಮೀಟರ್ ಎಂದರೆ ಎಷ್ಟು?

ಸ್ಕೇಲಿನ ಮೇಲಿರುವ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮೈಕ್ರೋಮೀಟರ್. ಮೈಕ್ರಾನ್ ಅದರದೇ ಹಳೆಯ ಹೆಸರು. ಅದನ್ನು ಮತ್ತೆ ಸಾವಿರ ಪಾಲು ಮಾಡಿದರೆ ನ್ಯಾನೋಮೀಟರ್. ರಾಗಿ ಕಾಳು ಸುಮಾರು 1.5 ಮಿಲಿಮೀಟರ್, ಅಂದರೆ 15 ಲಕ್ಷ ನ್ಯಾನೋಮೀಟರ್.

ಬ್ಯಾಕ್ಟೀರಿಯಾದ ಅಳತೆಯನ್ನು ಮೈಕ್ರೋಮೀಟರಿನಲ್ಲಿ, ವೈರಸ್ಸಿನದನ್ನು ನ್ಯಾನೋಮೀಟರಿನಲ್ಲಿ ಹೇಳುವುದು ವಾಡಿಕೆ. ಇಲ್ಲೊಂದು ಹಳ್ಳ ಇದೆ, ಬುದ್ಧಿವಂತ ಮಕ್ಕಳೂ ಬೀಳುತ್ತಾರೆ: ‘ಬ್ಯಾಕ್ಟೀರಿಯಾ 2, ವೈರಸ್ 100, ಹಾಗಾದರೆ ವೈರಸ್ಸೇ ದೊಡ್ಡದು.’ ಮೊದಲು ಎರಡನ್ನೂ ಒಂದೇ ಮಾನಕ್ಕೆ ತನ್ನಿ.

ಅಂಕಿ ತಲೆಗೆ ಹೋಗುತ್ತಿಲ್ಲ. ಕಣ್ಣಿಗೆ ಕಟ್ಟುವಂತೆ ಹೇಳಬಹುದೆ?

ಎಲ್ಲವನ್ನೂ ಹತ್ತು ಲಕ್ಷ ಪಟ್ಟು ಹಿಗ್ಗಿಸೋಣ. ಆಗ ಒಂದು ನ್ಯಾನೋಮೀಟರ್ ಒಂದು ಮಿಲಿಮೀಟರ್ ಆಗುತ್ತದೆ, ಲೆಕ್ಕವೂ ಸುಲಭ.

ನೀರಿನ ಅಣು ಚಿರೋಟಿ ರವೆಯ ಒಂದು ಹರಳು. ಗ್ಲೂಕೋಸ್ ಗಸಗಸೆ ಕಾಳು. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಒಂದು ತೊಗರಿ ಕಾಳು. ರೋಗದ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯ ಒಂದು ಅವರೆಕಾಳು. ಇವೆಲ್ಲ ಅಣುಗಳೇ. ಜೀವಕೋಶದೊಳಗೆ ಪ್ರೋಟೀನು ನೇಯುವ ಮಗ್ಗವಾದ ರೈಬೋಸೋಮು ಸುಲಿದ ಅಡಿಕೆಯಷ್ಟು.

ಇನ್ನು ವೈರಸ್ಸುಗಳು. ಪೋಲಿಯೊ ವೈರಸ್ಸು ಒಂದು ನೆಲ್ಲಿಕಾಯಿ, 30 ನ್ಯಾನೋಮೀಟರ್. ಡೆಂಗಿ ಮತ್ತು ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸುಗಳು ಒಂದೇ ವಂಶದವು, ನಿಂಬೆಹಣ್ಣಿನಷ್ಟು. ಕೊರೊನಾ ಸುಲಿದ ತೆಂಗಿನಕಾಯಿ, ಸುಮಾರು 100 ನ್ಯಾನೋಮೀಟರ್. ಹುಚ್ಚುನಾಯಿ ಕಡಿತದ ರೇಬೀಸ್ ವೈರಸ್ಸಿಗೆ ಬಂದೂಕಿನ ಗುಂಡಿನ ಆಕಾರ, ಮಗುಚಿಟ್ಟ ಉದ್ದನೆಯ ಸ್ಟೀಲ್ ಲೋಟದಂತೆ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸು ಒಂದಡಿಯ ರೂಲುದೊಣ್ಣೆ. ಎಬೋಲಾ ಒಂದು ಮೀಟರ್ ಉದ್ದದ ದಪ್ಪ ಪಡುವಲಕಾಯಿ, ಸುರುಳಿ ಸುತ್ತಿಕೊಂಡಿರುವುದೂ ಹಾಗೆಯೇ. ಸಿಡುಬಿನ ವೈರಸ್ಸು ಒಂದು ಹಲಸಿನ ಹಣ್ಣು.

ಈಗ ಬ್ಯಾಕ್ಟೀರಿಯಾ. ನಮ್ಮ ಕರುಳಿನ ಇ. ಕೋಲಿ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ. ಹಟ್ಟಿಯಲ್ಲಿ ಮಲಗಿದ ಎಮ್ಮೆ ಎನ್ನಿ. ನಿಂಬೆಹಣ್ಣಿಗೂ ಎಮ್ಮೆಗೂ ಇರುವ ವ್ಯತ್ಯಾಸವನ್ನು ‘ಎರಡೂ ಸೂಕ್ಷ್ಮ’ ಎಂದು ಹೇಳಿ ಮುಗಿಸುತ್ತೇವಲ್ಲ, ನನಗಿರುವ ತಕರಾರು ಅದೇ.

ಇನ್ನೂ ಮೇಲೆ ಹೋದರೆ, ಕೆಂಪು ರಕ್ತಕಣ ಏಳೆಂಟು ಮೀಟರ್ ಅಗಲದ ಸಣ್ಣ ಕಣ, ರಾಗಿ ಒಕ್ಕುವಂಥದ್ದು. ಬಿಳಿ ರಕ್ತಕಣ ಎದ್ದು ನಿಂತರೆ ಶ್ರವಣಬೆಳಗೊಳದ ಗೊಮ್ಮಟನ ಎದೆಗೋ ಭುಜಕ್ಕೋ ಬರುತ್ತದೆ. ರಾಗಿ ಕಾಳು ಒಂದೂವರೆ ಕಿಲೋಮೀಟರ್ ಅಗಲದ ಗುಡ್ಡ. ಇದೇ ಲೆಕ್ಕದಲ್ಲಿ ನೀವು ಮಲಗಿದರೆ ಕಾಲು ಬೆಂಗಳೂರಿನಲ್ಲಿ, ತಲೆ ದೆಹಲಿಯಲ್ಲಿ.

ವೈರಸ್ ಬ್ಯಾಕ್ಟೀರಿಯಾಗಿಂತ ಇಪ್ಪತ್ತು ಪಟ್ಟು ಚಿಕ್ಕದು ಎಂದು ಓದಿದೆ. ಅಷ್ಟೇನಾ?

ಉದ್ದದಲ್ಲಿ ಅಷ್ಟೇ. ಆದರೆ ಉದ್ದ ಹತ್ತು ಪಟ್ಟಾದರೆ ಒಳಗಿನ ಜಾಗ ಸಾವಿರ ಪಟ್ಟಾಗುತ್ತದೆ. ಇ. ಕೋಲಿಯ ಗಾತ್ರ ಸುಮಾರು ಒಂದು ಘನ ಮೈಕ್ರೋಮೀಟರ್. ಅದನ್ನು 100 ನ್ಯಾನೋಮೀಟರ್ ವ್ಯಾಸದ ಗೋಳದ ಗಾತ್ರದಿಂದ ಭಾಗಿಸಿದರೆ 1,900 ಬರುತ್ತದೆ. ತೆಂಗಿನಕಾಯಿಗಳ ನಡುವೆ ಸಂದು ಉಳಿಯುವುದರಿಂದ ಅಷ್ಟೂ ಹಿಡಿಸುವುದಿಲ್ಲ, ಆದರೂ ಸಾವಿರಕ್ಕೆ ಮೋಸವಿಲ್ಲ. ಬ್ಯಾಕ್ಟೀರಿಯಾಗಳನ್ನೇ ಬೇಟೆಯಾಡುವ ಟಿ4 ಎಂಬ ವೈರಸ್ಸು ಒಂದು ಇ. ಕೋಲಿಯೊಳಗೆ ಹೊಕ್ಕು, ಅರ್ಧ ಗಂಟೆಯ ಆಸುಪಾಸಿನಲ್ಲಿ ನೂರು ಇನ್ನೂರು ಮರಿಗಳಾಗಿ ಅದನ್ನು ಒಡೆದು ಹೊರಬರುತ್ತದೆ. ಅಷ್ಟಕ್ಕೆ ಜಾಗ ಎಲ್ಲಿಂದ ಬಂತು ಎಂಬುದಕ್ಕೆ ಮೇಲಿನ ಭಾಗಾಕಾರವೇ ಉತ್ತರ.

ಮೊಸರಿನ ಬ್ಯಾಕ್ಟೀರಿಯಾ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆಯೆ? ಹಾಗಾದರೆ ವೈರಸ್?

ಮೊಸರಿನದು ಕಾಣುತ್ತದೆ. ಒಂದು ಹನಿಯನ್ನು ತೆಳುವಾಗಿ ಸವರಿ, ಒಣಗಿಸಿ, ಬಣ್ಣ ಹಾಕಿ, ಎಣ್ಣೆಹನಿಯ ಮಸೂರದಲ್ಲಿ ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ಕೋಲಿನಂಥವೂ ಮಣಿಸರದಂಥವೂ ಸಿಗುತ್ತವೆ. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1670ರ ದಶಕದಲ್ಲೇ ಒಂದೇ ಒಂದು ಪುಟ್ಟ ಮಸೂರದಿಂದ ಬ್ಯಾಕ್ಟೀರಿಯಾ ಕಂಡಿದ್ದ.

ವೈರಸ್ ಕಾಣದು. ಒಳ್ಳೆಯ ಮಸೂರ ಕೊಂಡರೂ ಕಾಣದು, ಏಕೆಂದರೆ ಕೊರತೆ ಇರುವುದು ಗಾಜಿನಲ್ಲಲ್ಲ, ಬೆಳಕಿನಲ್ಲಿ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ 400ರಿಂದ 700 ನ್ಯಾನೋಮೀಟರ್. ಅದರ ಅರ್ಧಕ್ಕಿಂತ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಬೆಳಕು ಬಿಡಿಸಿ ತೋರಿಸಲಾರದು ಎಂದು ಜರ್ಮನಿಯ ಅರ್ನ್ಸ್ಟ್ ಅಬ್ಬೆ 1873ರಲ್ಲಿ ತೋರಿಸಿದ. ಹಾಗೆ ನೋಡಿದರೆ 200 ನ್ಯಾನೋಮೀಟರ್ ಲಕ್ಷ್ಮಣರೇಖೆ. ಬ್ಯಾಕ್ಟೀರಿಯಾ ರೇಖೆಯ ಆಚೆ, ವೈರಸ್ಸುಗಳಲ್ಲಿ ಬಹುಪಾಲು ಈಚೆ. ಹೊಳೆಯುವ ಅಣುಗಳನ್ನು ಅಂಟಿಸಿ ಈ ರೇಖೆಯನ್ನು ಜಾಣತನದಿಂದ ದಾಟಿದವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಕಾಣದ ವೈರಸ್ಸು ಚಿಕ್ಕದು ಎಂದು ಗೊತ್ತಾದದ್ದು ಹೇಗೆ?

ಸೋಸಿದ್ದರಿಂದ. ನನಗೆ ತುಂಬ ಇಷ್ಟವಾದ ಕಥೆ ಇದು. 1884ರಲ್ಲಿ ಪ್ಯಾರಿಸಿನ ಪಾಶ್ಚರ್ ಪ್ರಯೋಗಾಲಯದಲ್ಲಿ ಶಾರ್ಲ್ ಶಾಂಬರ್ಲಾ ಎಂಬಾತ ಮೆರುಗು ಹಚ್ಚದ ಪಿಂಗಾಣಿಯಿಂದ ಮೇಣದ ಬತ್ತಿಯಾಕಾರದ ಸೋಸುಗ ಮಾಡಿದ. ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿಬೀಳುತ್ತಿತ್ತು. ನಮ್ಮ ಅಡುಗೆಮನೆಗಳ ಸ್ಟೀಲ್ ಫಿಲ್ಟರಿನೊಳಗಿನ ‘ಕ್ಯಾಂಡಲ್’ ಅದರ ವಂಶದ್ದೇ, ಹೆಸರು ಕೂಡ.

1892ರಲ್ಲಿ ರಷ್ಯಾದ ದ್ಮಿತ್ರಿ ಇವನೋವ್‌ಸ್ಕಿ ಮೊಸಾಯಿಕ್ ರೋಗ ತಗುಲಿದ ಹೊಗೆಸೊಪ್ಪಿನ ರಸವನ್ನು ಈ ಸೋಸುಗಕ್ಕೆ ಹಾಕಿದ. ಸೋಸಿ ಬಂದ ತಿಳಿ ರಸವೂ ರೋಗ ಹರಡಿತು. ಆತ ನಂಬಲಿಲ್ಲ, ಬ್ಯಾಕ್ಟೀರಿಯಾದ ವಿಷವೇನಾದರೂ ಇಳಿದಿರಬೇಕು ಎಂದುಕೊಂಡ. ಆರು ವರ್ಷದ ಮೇಲೆ ಹಾಲೆಂಡಿನ ಬೈಯರಿಂಕ್ ಅದೇ ಪ್ರಯೋಗ ಮಾಡಿ ಬೇರೆ ಮಾತು ಹೇಳಿದ: ಇದು ಗಿಡದೊಳಗೆ ಬೆಳೆಯುವ ಹೊಸ ಬಗೆಯ ರೋಗಕಾರಕ, ‘ಜೀವಂತ ದ್ರವ’. ಬೆಳೆಯುತ್ತದೆ ಎಂದದ್ದು ಸರಿ, ದ್ರವ ಎಂದದ್ದು ತಪ್ಪು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಅದೇ ವೈರಸ್ಸನ್ನು ಕಲ್ಲುಸಕ್ಕರೆಯ ಹಾಗೆ ಹರಳುಗಟ್ಟಿಸಿದ. 1931ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ನಾಲ್, ಅರ್ನ್ಸ್ಟ್ ರುಸ್ಕಾ ಕಟ್ಟಿದ್ದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಲಿತು, 1939ರಲ್ಲಿ ಕೊನೆಗೂ ಆ ರೂಲುದೊಣ್ಣೆಗಳ ಚಿತ್ರ ಕೊಟ್ಟಿತು. ರುಸ್ಕಾನಿಗೆ ನೊಬೆಲ್ ಬರಲು 1986ರವರೆಗೆ ಕಾಯಬೇಕಾಯಿತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಆರ್.ಎನ್. ಮೂರ್ತಿ ಮತ್ತು ಎಚ್.ಎಸ್. ಸಾವಿತ್ರಿ ಅವರ ತಂಡಗಳು ಅಗಸೆ ಮರದ ವೈರಸ್ಸೊಂದನ್ನು ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ, ಅದರ ಚಿಪ್ಪಿನಲ್ಲಿರುವ 180 ಪ್ರೋಟೀನುಗಳ ಜೋಡಣೆಯನ್ನು ಬಿಡಿಸಿಟ್ಟವು. ಅಗಸೆ ಎಂದರೆ ಇಲ್ಲಿ ಸೊಪ್ಪಿನ ಪಲ್ಯ ಮಾಡುವ ಮರ, ಚಟ್ನಿಪುಡಿಯ ಬೀಜದ ಗಿಡವಲ್ಲ.

ಹರಳುಗಟ್ಟುತ್ತದೆ ಎಂದ ಮೇಲೆ ವೈರಸ್ ಒಂದು ಅಣುವೇ?

ಒಂದು ಅಣುವಲ್ಲ, ಅಣುಗಳ ಅಚ್ಚುಕಟ್ಟಾದ ಕಟ್ಟು. ಆದರೆ ಕಟ್ಟು ಎಷ್ಟು ಅಚ್ಚುಕಟ್ಟು ಎಂದರೆ ಪೋಲಿಯೊ ವೈರಸ್ಸಿಗೆ ರಾಸಾಯನಿಕ ಸೂತ್ರವನ್ನೇ ಬರೆದಿದ್ದಾರೆ: ಕಾರ್ಬನ್ 3,32,652, ಹೈಡ್ರೋಜನ್ 4,92,388, ನೈಟ್ರೋಜನ್ 98,245, ಆಕ್ಸಿಜನ್ 1,31,196, ರಂಜಕ 7,501, ಗಂಧಕ 2,340. ಕೂಡಿದರೆ ಹತ್ತೂವರೆ ಲಕ್ಷಕ್ಕೂ ಹೆಚ್ಚು ಪರಮಾಣುಗಳು. ಬ್ಯಾಕ್ಟೀರಿಯಾಕ್ಕೆ ಇಂಥ ಸೂತ್ರ ಬರೆಯಲಾಗದು. ಅದು ಉಣ್ಣುತ್ತದೆ, ಬೆಳೆಯುತ್ತದೆ, ಗಳಿಗೆ ಗಳಿಗೆಗೂ ಲೆಕ್ಕ ಬದಲಾಗುತ್ತದೆ.

ಇನ್ನೂ ಕೆಳಗೆ ವೈರಾಯ್ಡ್ ಎಂಬುದಿದೆ. ಅದು ನಿಜಕ್ಕೂ ಒಂದೇ ಅಣು: ಚಿಪ್ಪಿಲ್ಲದ, ಉಂಗುರದಂಥ ಆರ್‌ಎನ್‌ಎ (ಡಿಎನ್‌ಎಯ ಹಾಗೆ ತಳಿಯ ಬರಹ ಹೊತ್ತ ಅಣು) ಎಳೆ. ಫಿಲಿಪೀನ್ಸಿನಲ್ಲಿ ತೆಂಗಿನ ತೋಟಗಳನ್ನು ಒಣಗಿಸಿದ ಕಡಂಗ್-ಕಡಂಗ್ ರೋಗದ ವೈರಾಯ್ಡ್‌ನಲ್ಲಿ ಇರುವುದು ಬರೇ 246 ಅಕ್ಷರಗಳು. ಇಷ್ಟು ಚಿಕ್ಕ ಬರಹಕ್ಕೆ ಇಷ್ಟು ಎತ್ತರದ ಮರ ಸಾಯುತ್ತದೆ.

ಬ್ಯಾಕ್ಟೀರಿಯಾಗಿಂತ ದೊಡ್ಡ ವೈರಸ್ ಇದೆಯೆ?

ಇದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ 1992ರಲ್ಲಿ ಒಂದು ತಂಪುಗೋಪುರದ ನೀರಿನೊಳಗಿನ ಅಮೀಬಾದಲ್ಲಿ ಏನೋ ಸಿಕ್ಕಿತು. ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಂಡದ್ದರಿಂದ ಬ್ಯಾಕ್ಟೀರಿಯಾ ಎಂದೇ ತಿಳಿದು ಹೆಸರೂ ಇಟ್ಟರು. ಅದು ವೈರಸ್ ಎಂದು ಗೊತ್ತಾದದ್ದು 2003ರಲ್ಲಿ. ಈಗಿನ ಹೆಸರು ಮಿಮಿವೈರಸ್, ಮೈಮೇಲಿನ ಕೂದಲೂ ಸೇರಿ ಸುಮಾರು 750 ನ್ಯಾನೋಮೀಟರ್. ಸೈಬೀರಿಯಾದ 30,000 ವರ್ಷ ಹಳೆಯ ಹೆಪ್ಪುನೆಲದಿಂದ 2014ರಲ್ಲಿ ಎಬ್ಬಿಸಿದ ಪಿಥೋವೈರಸ್ ಒಂದೂವರೆ ಮೈಕ್ರೋಮೀಟರ್ ಉದ್ದ. ಅತ್ತ ಕೋಶಗೋಡೆಯೇ ಇಲ್ಲದ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಬರೀ 200–300 ನ್ಯಾನೋಮೀಟರ್. ನಮ್ಮ ಹಿಗ್ಗಿಸಿದ ಲೋಕದಲ್ಲಿ ಹೇಳುವುದಾದರೆ, ಹಲಸಿನ ಹಣ್ಣಿಗಿಂತ ಚಿಕ್ಕ ಎಮ್ಮೆಯೂ ಉಂಟು.

ಬ್ಯಾಕ್ಟೀರಿಯಾ ಅದಕ್ಕಿಂತ ಚಿಕ್ಕದಾಗಲು ಏನು ಅಡ್ಡಿ? ದೊಡ್ಡದಾಗಲು?

ಸಂಸಾರ ಹೂಡಬೇಕಲ್ಲ! ಸ್ವಂತವಾಗಿ ಬದುಕುವ ಕೋಶಕ್ಕೆ ಡಿಎನ್‌ಎ ಬೇಕು, ಅದನ್ನು ಓದುವ ಯಂತ್ರ ಬೇಕು, ಅಡಿಕೆಯಷ್ಟಿರುವ ರೈಬೋಸೋಮುಗಳು ಹತ್ತಾರಾದರೂ ಬೇಕು, ಸುತ್ತ ಪೊರೆ ಬೇಕು. ಇಷ್ಟನ್ನು 200 ನ್ಯಾನೋಮೀಟರಿಗಿಂತ ಚಿಕ್ಕ ಡಬ್ಬಿಯಲ್ಲಿ ತುಂಬುವುದು ಬಲು ಕಷ್ಟ. ವೈರಸ್ಸಿಗೆ ಆ ತಾಪತ್ರಯವಿಲ್ಲ. ಅದು ಬೇರೆಯವರ ಅಡುಗೆಮನೆಯಲ್ಲಿ ಉಣ್ಣುವ ನೆಂಟ, ಚೀಲದಲ್ಲಿ ಬಟ್ಟೆಯಷ್ಟೇ ಇದ್ದರೆ ಸಾಕು.

ದೊಡ್ಡದಾಗದಿರಲು ಕಾರಣ ಬೇರೆ. ಬ್ಯಾಕ್ಟೀರಿಯಾದೊಳಗೆ ಅಣುಗಳು ತಾವಾಗಿ ಅಲೆದಾಡಿಕೊಂಡೇ ಗುರಿ ಮುಟ್ಟಬೇಕು. ದೂರ ಹತ್ತು ಪಟ್ಟಾದರೆ ಅಲೆದು ಮುಟ್ಟುವ ಹೊತ್ತು ನೂರು ಪಟ್ಟಾಗುತ್ತದೆ. ಈ ನಿಯಮಕ್ಕೂ ಒಬ್ಬ ಪುಂಡನಿದ್ದಾನೆ. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೊಳೆತ ಎಲೆಗಳ ಮೇಲೆ ಸಿಕ್ಕಿ, 2022ರಲ್ಲಿ ಪ್ರಕಟವಾದ ಥಿಯೊಮಾರ್ಗರಿಟಾ ಮ್ಯಾಗ್ನಿಫಿಕಾ ಒಂದೇ ಕೋಶದ ಬ್ಯಾಕ್ಟೀರಿಯಾ. ಉದ್ದ ಸುಮಾರು ಒಂದು ಸೆಂಟಿಮೀಟರ್! ಚಿಮಟದಲ್ಲಿ ಎತ್ತಬಹುದು. ಅದರ ಒಡಲಿನ ಬಹುಭಾಗ ಒಂದು ದೊಡ್ಡ ನೀರ್ಗುಳ್ಳೆ. ಬದುಕೆಲ್ಲ ನಡೆಯುವುದು ಅಂಚಿನ ತೆಳು ಪದರದಲ್ಲಿ. ಹೀಗೆ ನೋಡಿದರೆ ನಿಯಮ ಮುರಿದಂತೆಯೂ ಅಲ್ಲ.

ಅಣು ಎಂದ ಮೇಲೆ ಎಲ್ಲಕ್ಕಿಂತ ಚಿಕ್ಕದು ತಾನೆ?

ತಿರುಚಿದ ಏಣಿಯಂಥ ಡಿಎನ್‌ಎ ಕೂಡ ಅಣುವೇ. ಅಗಲ 2 ನ್ಯಾನೋಮೀಟರ್ ಮಾತ್ರ. ಉದ್ದ? ಇ. ಕೋಲಿಯ ಡಿಎನ್‌ಎಯಲ್ಲಿ 46 ಲಕ್ಷ ಮೆಟ್ಟಿಲುಗಳು, ಬಿಡಿಸಿಟ್ಟರೆ ಒಂದೂವರೆ ಮಿಲಿಮೀಟರ್. ಆ ಜೀವಿಯ ಉದ್ದಕ್ಕಿಂತ 700 ಪಟ್ಟಿಗೂ ಹೆಚ್ಚು. ಮನುಷ್ಯನ ಒಂದನೇ ವರ್ಣತಂತುವಿನ ಡಿಎನ್‌ಎ ಎಂಟು ಸೆಂಟಿಮೀಟರ್ ದಾಟುತ್ತದೆ, ಬೆರಳಿನಷ್ಟು ಉದ್ದದ ಒಂದೇ ಅಣು. ಹತ್ತು ಲಕ್ಷ ಪಟ್ಟು ಹಿಗ್ಗಿಸಿದರೆ ಎರಡು ಮಿಲಿಮೀಟರ್ ದಪ್ಪದ ಹುರಿ ಬೆಂಗಳೂರಿನಿಂದ ಹೊರಟು ಹೆಚ್ಚುಕಡಿಮೆ ಮದ್ದೂರು ಮುಟ್ಟುತ್ತದೆ. ‘ಗಾತ್ರ ಎಷ್ಟು’ ಎಂದು ಕೇಳುವ ಮೊದಲು ಉದ್ದವೋ ದಪ್ಪವೋ ಎಂದು ಕೇಳಬೇಕಾದದ್ದು ಇದಕ್ಕೇ.

ನೀರು ಸೋಸಿದರೆ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ?

ಬಟ್ಟೆಯಿಂದ ಶುರುಮಾಡೋಣ. ಹಳೆಯ ಹತ್ತಿ ಸೀರೆಯನ್ನು ಎಂಟು ಪದರವಾಗಿ ಮಡಿಸಿದರೆ ಸಂದುಗಳು ಸುಮಾರು 20 ಮೈಕ್ರೋಮೀಟರ್. ಕಾಲರಾ ಬ್ಯಾಕ್ಟೀರಿಯಾ ಅಗಲದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ, ಆರಾಮವಾಗಿ ನುಸುಳಬೇಕು. ಆದರೂ ಬಾಂಗ್ಲಾದೇಶದ ಮತ್ಲಬ್ ಹಳ್ಳಿಗಳಲ್ಲಿ ಸೀರೆಯಲ್ಲಿ ಸೋಸಿದ ಕೆರೆನೀರು ಕುಡಿದವರಲ್ಲಿ ಕಾಲರಾ 48 ಶೇಕಡಾ ತಗ್ಗಿತು. ರೀಟಾ ಕಾಲ್ವೆಲ್ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಗುಟ್ಟು ಇಷ್ಟೆ: ಆ ಬ್ಯಾಕ್ಟೀರಿಯಾ ನೀರಿನಲ್ಲಿ ಒಂಟಿಯಾಗಿ ಓಡಾಡುವುದಕ್ಕಿಂತ ಸಣ್ಣ ಸೀಗಡಿಯಂಥ ಜೀವಿಗಳ ಮೈಗೆ ಅಂಟಿಕೊಂಡಿರುವುದೇ ಹೆಚ್ಚು. ಸೀರೆ ಹಿಡಿಯುವುದು ಸವಾರನನ್ನಲ್ಲ, ಕುದುರೆಯನ್ನು. ಸೀರೆ ಹಳೆಯದೇ ಆಗಬೇಕು, ಒಗೆದು ಒಗೆದು ಎಳೆ ಬಿಚ್ಚಿಕೊಂಡಾಗಲೇ ಸಂದು ಕಿರಿದಾಗುವುದು.

ಮನೆಯ ಕ್ಯಾಂಡಲ್ ಫಿಲ್ಟರ್ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲನ್ನು ತಡೆಯಬಹುದು, ವೈರಸ್ಸನ್ನು ನೆಚ್ಚುವಂತಿಲ್ಲ. ಕುದಿಸುವುದು ಒಳ್ಳೆಯದು. ಯುಎಫ್ (ಅಲ್ಟ್ರಾಫಿಲ್ಟ್ರೇಶನ್) ಪೊರೆಯ ತೂತು ಹತ್ತಾರು ನ್ಯಾನೋಮೀಟರ್, ಕಿರಿದಾದ ತೂತಿನದಾದರೆ ವೈರಸ್ಸನ್ನೂ ಹಿಡಿಯುತ್ತದೆ. ಯುವಿ (ಅತಿನೇರಳೆ ಬೆಳಕು) ಏನನ್ನೂ ಸೋಸುವುದಿಲ್ಲ, ಇದ್ದಲ್ಲೇ ಕೆಡಿಸುತ್ತದೆ.

ಪಾವಗಡ, ಕೋಲಾರದ ಕಡೆಯವರ ಪ್ರಶ್ನೆ ಬೇರೆ. ಅಲ್ಲಿನ ಕೊಳವೆಬಾವಿಯ ಫ್ಲೋರೈಡ್ ಜೀವಿಯಲ್ಲ, ವಿದ್ಯುದಂಶವಿರುವ ಒಂದು ಪರಮಾಣು. ಅಳತೆಯಲ್ಲಿ ಹೆಚ್ಚುಕಡಿಮೆ ನೀರಿನ ಅಣುವಿನಷ್ಟೇ. ಕ್ಯಾಂಡಲ್, ಯುಎಫ್, ಯುವಿ ಯಾವುದಕ್ಕೂ ಅದು ಬಗ್ಗದು. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಆರ್‌ಓ (ರಿವರ್ಸ್ ಆಸ್ಮೋಸಿಸ್) ಅದನ್ನು ತಗ್ಗಿಸುತ್ತದೆ, ಆದರೆ ಜರಡಿಯ ಹಾಗೆ ಅಲ್ಲ. ಫ್ಲೋರೈಡ್ ತನ್ನ ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ, ಆ ಪರಿವಾರ ಕಟ್ಟಿಕೊಂಡು ಪೊರೆಯೊಳಗೆ ನುಸುಳುವುದು ಅದಕ್ಕೆ ಕಷ್ಟ.

ಮಾಸ್ಕಿನ ತೂತು ವೈರಸ್ಸಿಗಿಂತ ದೊಡ್ಡದು. ಮತ್ತೆ ಹಾಕಿ ಏನು ಪ್ರಯೋಜನ?

ಮಾಸ್ಕ್ ಜರಡಿಯಲ್ಲ, ಅಡಿಕೆ ತೋಟ. ಎಳೆಗಳು ಒಂದರ ಹಿಂದೊಂದು ಮರಗಳ ಹಾಗೆ ನಿಂತಿರುತ್ತವೆ. ಜೋರಾಗಿ ಬರುವ ದೊಡ್ಡ ಹನಿ ತಿರುಗಲಾರದೆ ಮರಕ್ಕೆ ಗುದ್ದುತ್ತದೆ. ತೀರಾ ಸಣ್ಣ ಕಣ ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಕುಡಿದವನಂತೆ ಓಲಾಡುತ್ತ ಬಂದು ಯಾವುದೋ ಮರಕ್ಕೆ ಅಂಟುತ್ತದೆ. ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮರು ನಡುವಿನವರು, 0.3 ಮೈಕ್ರೋಮೀಟರಿನ ಆಸುಪಾಸಿನವರು. ಎನ್95 ಮಾಸ್ಕಿನ ಪರೀಕ್ಷೆ ನಡೆಯುವುದು ಆ ಗಾತ್ರದ ಮೇಲೆಯೇ, 95 ಅಂದರೆ ಅವರಲ್ಲಿ ನೂರಕ್ಕೆ ಕನಿಷ್ಠ 95 ಸಿಕ್ಕಿಬೀಳಬೇಕು. ಎಳೆಗಳಿಗೆ ವಿದ್ಯುದಂಶವೂ ಇರುವುದರಿಂದ ಸೆಳೆತ ಹೆಚ್ಚು. ಒಗೆದರೆ ಅದು ಹೋಗುತ್ತದೆ. ಅಲ್ಲದೆ ಕೆಮ್ಮಿದಾಗ ಬರುವ ವೈರಸ್ಸು ಬೆತ್ತಲೆಯಾಗಿ ಹಾರುವುದಿಲ್ಲ, ಎಂಜಲಿನ ಹನಿಯೊಳಗೆ ಕೂತು ಬರುತ್ತದೆ.

ಚಿಕ್ಕದಾದಷ್ಟೂ ಅಪಾಯ ಹೆಚ್ಚೇ?

ಸಂಬಂಧವಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಸಿಕ್ಕ ವೈರಸ್ಸು ಸಿಡುಬಿನದಕ್ಕಿಂತ ಎಷ್ಟೋ ಚಿಕ್ಕದು, ಎರಡೂ ಜೀವ ತೆಗೆದಿವೆ. ನೆಗಡಿ ತರುವ ರೈನೋವೈರಸ್ ಪೋಲಿಯೊದಷ್ಟೇ ಇದೆ, ಕೆಲವು ದಿನ ಮೂಗು ಸೋರಿಸಿ ಹೋಗುತ್ತದೆ.

ಚಿತ್ರಗಳಲ್ಲಿ ಕೊರೊನಾ ವೈರಸ್ಸಿಗೆ ಕೆಂಪು ಮುಳ್ಳು ಇರುತ್ತದಲ್ಲ, ನಿಜವಾದ ಬಣ್ಣ ಯಾವುದು?

ಯಾವುದೂ ಇಲ್ಲ. ಬೆಳಕಿನ ಅಲೆಗಿಂತ ಎಷ್ಟೋ ಚಿಕ್ಕದಾದ ಒಂಟಿ ವೈರಸ್ಸಿಗೆ ಬಣ್ಣವಿದೆ ಎನ್ನಲು ಅರ್ಥವೇ ಇಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊಡುವುದು ಬೂದು ಚಿತ್ರ. ಕೆಂಪು ಹಚ್ಚಿದವರು ಚಿತ್ರಕಾರರು.